ಕೇಬಲ್ ಕಳಚಿದಾಗ ಬರೆದ ಅಂಕಿ

ಆ ವರ್ಷದ ದಿನಚರಿ ನನ್ನ ಬಳಿ ಇದೆ. ಮೇಲ್‌ಗಳನ್ನು ಕಾಗದದ ಮೇಲೆ ತೆಗೆಸಿಟ್ಟ ಕಟ್ಟೂ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಒಂದಕ್ಕೊಂದು ಕೂಡುವುದಿಲ್ಲ. ಮೊದಲ ಪ್ಯಾಚ್ ಬಂದದ್ದು ಒಂದು ಬುಧವಾರ ಎಂದು ಮೇಲ್ ಹೇಳುತ್ತದೆ. ದಿನಚರಿಯ ಆ ಪುಟದಲ್ಲಿ ಕಛೇರಿಯ ಬಸ್ಸು ತಪ್ಪಿದ್ದು, ಅವ್ವನ ಕನ್ನಡಕದ ಕಡ್ಡಿ ಮುರಿದದ್ದು ಮಾತ್ರ ಇದೆ. ಮೇಲ್ ಉಳಿಯದೇ ಹೋಗಿದ್ದರೆ, ಅದನ್ನು ನೋಡಿದ ಗಳಿಗೆಯಲ್ಲೇ ನನಗೆ ಏನೋ ಅನುಮಾನ ಬಂದಿತ್ತು ಎಂದು ಈಗ ಧೈರ್ಯವಾಗಿ ಬರೆದುಬಿಡುತ್ತಿದ್ದೆ. ಅನುಮಾನ ಬಂದಿರಲಿಲ್ಲ. ಖುಷಿಯಾಗಿತ್ತು. ಉತ್ತರದಲ್ಲಿ ಮೂರು ಕಡೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೇನೆ.

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು ಬರೆದ ಸಣ್ಣ ಪ್ರೋಗ್ರಾಮು ಅದು. ತಾಪಮಾನ ಅಳೆಯುವ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಒಂದು ಕೇಬಲ್. ಐದು ಸೆಕೆಂಡಿಗೊಮ್ಮೆ ಅಂಕಿ ಓದಿ ಕಡತದಲ್ಲಿ ಬರೆಯುವುದು, ಪರದೆಯ ಮೇಲೆ ಗೆರೆ ಎಳೆಯುವುದು. ಕಾಲೇಜಿನ ಪ್ರಯೋಗಾಲಯದ ಕುಲುಮೆಗಾಗಿ ಮಾಡಿದ್ದು. ನೌಕರಿ ಸಿಕ್ಕಮೇಲೆ ಅದನ್ನು ಓಪನ್ ಸೋರ್ಸ್ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟೆ. ಯಾರು ಬೇಕಾದರೂ ಬಳಸಬಹುದು, ಒಳಗಿನ ಸಾಲುಗಳನ್ನು ಓದಿ ತಿದ್ದಬಹುದು, ತಿದ್ದಿದ ತುಣುಕನ್ನು ನನಗೆ ಕಳಿಸಬಹುದು. ಆ ತುಣುಕಿಗೇ ಪ್ಯಾಚ್ ಅನ್ನುತ್ತಿದ್ದೆವು.

ಹೈದರಾಬಾದಿನ ಮಾಧಾಪುರದ ಕಡೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಅಂಥದೊಂದು ಕಟ್ಟಡದಲ್ಲಿ ವಾರವಿಡೀ ದೂರದ ದೇಶದ ವಿಮಾ ಕಂಪನಿಗೆ ಕೋಡ್ ಬರೆದು, ಭಾನುವಾರ ಬೆಳಿಗ್ಗೆ ಕಾಚಿಗುಡದ ನಮ್ಮ ಮನೆಯಲ್ಲಿ ಈ ನನ್ನ ಪ್ರೋಗ್ರಾಮಿನ ಮುಂದೆ ಕೂರುತ್ತಿದ್ದೆ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿದ್ದ ಅಪ್ಪ ಪೇಪರ್ ಮಡಚುತ್ತ ಕೇಳುತ್ತಿದ್ದರು.

"ಏನವಾ, ಇವತ್ತೂ ದಾಸೋಹ ಏನು? ಉಂಡಾವ್ರು ಯಾರಂತರೆ ಗೊತ್ತೈತೇನು ನಿನಗ?"

"ಹೆಸರು ಕೇಳಿ ಬಡಸ್ತಾರೇನಪ್ಪಾ ದಾಸೋಹದಾಗ?"

"ಉಂಡಾವ್ರ ಹೆಸರು ಬ್ಯಾಡ, ಬಡಿಸಿದಾವ್ರದು ಮಾತ್ರ ಬೋರ್ಡಿನ ಮ್ಯಾಲ ಬೇಕು!"

ಅದು ನನ್ನ ಕೃತಜ್ಞತೆಗಳ ಕಡತದ ಮೇಲಿನ ಚುಚ್ಚುಮಾತು. ಪ್ಯಾಚ್ ಕಳಿಸಿದವರ ಹೆಸರನ್ನೆಲ್ಲ ಒಂದು ಕಡತದಲ್ಲಿ ಬರೆದು ಪ್ರೋಗ್ರಾಮಿನ ಜೊತೆಯಲ್ಲೇ ಕೊಡುವುದು ನಮ್ಮಲ್ಲಿ ರೂಢಿ. ಸಂಬಳವಿಲ್ಲದ ಕೆಲಸಕ್ಕೆ ಅದೊಂದೇ ಸನ್ಮಾನ. ನನ್ನ ಪಟ್ಟಿಯಲ್ಲಿ ಆಗ ನಾಲ್ಕೇ ಹೆಸರಿದ್ದವು. ಐದನೆಯದಕ್ಕೆ ಕಾಯುತ್ತಿದ್ದೆ.

ಬುಧವಾರದ ಪ್ಯಾಚ್ ಚಿಕ್ಕದು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರೆ ನನ್ನ ಪ್ರೋಗ್ರಾಮು ಹಳೆಯ ದಾಖಲೆಯನ್ನು ಅಳಿಸಿ ಹೊಸದಾಗಿ ಶುರುಮಾಡುತ್ತಿತ್ತು. ಅಳಿಸದೆ ಕೆಳಗೆ ಸೇರಿಸುತ್ತ ಹೋಗು ಎಂದು ಈತ ಬದಲಿಸಿದ್ದ. ಕಳಿಸಿದವನ ಹೆಸರಿರಲಿಲ್ಲ, ಎರಡು ಅಕ್ಷರಗಳ ಒಂದು ಮೇಲ್ ವಿಳಾಸ ಮಾತ್ರ. ಸೇರಿಸಿಕೊಂಡೆ.

ಹತ್ತು ದಿನದ ಮೇಲೆ ಎರಡನೆಯದು ಬಂತು. ಅದು ನನಗೆ ಇಷ್ಟವಾಗಲಿಲ್ಲ.

ಕಾರಣ ಹೇಳಬೇಕು. ಕಾಲೇಜಿನ ಕುಲುಮೆಯ ಕೇಬಲ್ ಸಡಿಲವಾಗಿತ್ತು, ಆಗಾಗ ಅಂಕಿ ಬರುತ್ತಿರಲಿಲ್ಲ, ಗೆರೆ ತುಂಡಾಗುತ್ತಿತ್ತು. ನಮ್ಮ ಪ್ರಾಧ್ಯಾಪಕರಿಗೆ ತುಂಡು ಗೆರೆ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ: ಅಂಕಿ ಬರದಿದ್ದರೆ ಹಿಂದಿನ ಅಂಕಿಯನ್ನೇ ಮತ್ತೆ ಬರೆಯುವುದು. ಎರಡೇ ಸಾಲಿನ ಉಪಾಯ. ಗೆರೆ ಅಖಂಡವಾಯಿತು, ನನಗೆ ಒಳ್ಳೆಯ ಅಂಕ ಬಂತು. ಈ ಅಪರಿಚಿತ ಆ ಎರಡು ಸಾಲನ್ನು ಕಿತ್ತುಹಾಕಿ, ಆ ಜಾಗದಲ್ಲಿ 'ಅಂಕಿ ಬಂದಿಲ್ಲ' ಎಂದು ಬರೆಯುವಂತೆ ಮಾಡಿದ್ದ.

ಗೆರೆ ಕೆಡುತ್ತದೆ ಎಂದು ನಿರಾಕರಿಸಿದೆ. ಮತ್ತೆ ಕಳಿಸಿದ. ಬೇಕಾದವರು ಮಾತ್ರ ಆರಿಸಿಕೊಳ್ಳುವ ಹಾಗೆ ಮಾಡೋಣ ಎಂದೆ. ಆರಿಸಿಕೊಳ್ಳಲು ಬಿಡಬಾರದು ಎಂದು ಉತ್ತರ ಬಂತು. ಮೂರನೆಯ ಸಲ ಕಳಿಸಿದಾಗ, ಇಂಗ್ಲಿಷ್ ಟಿಪ್ಪಣಿಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲೇ ಒಂದು ಕನ್ನಡದ ಸಾಲು ಕೂತಿತ್ತು: ಇದು ಸುಳ್ಳ ಹೇಳಬಾರದು.

ಆ ಸಾಲನ್ನು ಓದಿ ನಾನು ಕುರ್ಚಿಯಿಂದ ಎದ್ದೆ ಎಂದು ನನಗೆ ನೆನಪು. ದಿನಚರಿಯ ಪ್ರಕಾರ ಎದ್ದು ಅವ್ವನಿಗೆ, "ನೋಡವ್ವಾ, ನಮ್ಮ ಮಂದಿ ಒಬ್ರು ಸಿಕ್ಕಾರ" ಎಂದು ಕೂಗಿದ್ದೇನೆ. ನನ್ನ ಗಮನ ಹೋದದ್ದು ಭಾಷೆಯ ಕಡೆಗೆ. ಸುಳ್ಳಿನ ಕಡೆಗಲ್ಲ.

ಆ ಪ್ಯಾಚನ್ನೂ ಸೇರಿಸಿಕೊಂಡೆ. ಆಮೇಲೆ ಕನ್ನಡದಲ್ಲೇ ಬರೆದುಕೊಂಡೆವು. ಅವರು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಇನ್ಸ್ಟ್ರುಮೆಂಟ್ ಟೆಕ್ನೀಷಿಯನ್, ಮೀಟರುಗಳನ್ನು ನೋಡಿಕೊಳ್ಳುವವರು. ಬೀದರ ಕಡೆಯವರು, ಡಿಪ್ಲೊಮಾ ಓದಿದವರು. ಪುಸ್ತಕ ಇಟ್ಟುಕೊಂಡು ತಾವೇ ಕೋಡ್ ಬರೆಯುವುದನ್ನು ಕಲಿತಿದ್ದರು. ಪ್ಯಾಚ್‌ಗಳು ಮುಂದುವರಿದವು. ಒಂದರಲ್ಲಿ, ದಾಖಲೆಯ ಪ್ರತಿ ಸಾಲಿಗೂ ಅದರ ಹಿಂದಿನ ಸಾಲಿನಿಂದ ಲೆಕ್ಕಹಾಕಿದ ಒಂದು ಗುರುತು. ನಡುವೆ ಒಂದು ಸಾಲು ತೆಗೆದರೂ ಕೊಂಡಿ ಕಡಿದದ್ದು ಗೊತ್ತಾಗುತ್ತದೆ. ಇನ್ನೊಂದರಲ್ಲಿ, ಕಂಪ್ಯೂಟರಿನ ಗಡಿಯಾರವನ್ನು ಯಾರಾದರೂ ಹಿಂದಕ್ಕೆ ತಿರುಗಿಸಿದರೆ ಅದೂ ದಾಖಲಾಗುತ್ತದೆ. ಒಂದರ ಮೇಲೊಂದು ಇಟ್ಟು ನೋಡಿದ್ದರೆ ಯಾರಿಗಾದರೂ ಕಾಣಬೇಕಿತ್ತು: ಅವರು ಪ್ರೋಗ್ರಾಮನ್ನು ಚಂದ ಮಾಡುತ್ತಿರಲಿಲ್ಲ. ಯಾರೋ ಬರುತ್ತಾರೆ ಎಂದು ತಿಳಿದವರು ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು.

ನನಗೆ ಕಾಣಲಿಲ್ಲ, ಏಕೆಂದರೆ ನಾನು ಆಗ ಬೇರೆ ಪ್ರಶ್ನೆಯಲ್ಲಿ ಮುಳುಗಿದ್ದೆ. ಭಾನುವಾರ ಮಧ್ಯಾಹ್ನ ಒಂದು ಕಾಲೇಜಿನ ಕೋಣೆಯಲ್ಲಿ ನಮ್ಮಂಥ ಇಪ್ಪತ್ತು ಮೂವತ್ತು ಜನ ಸೇರುತ್ತಿದ್ದೆವು. ಅಲ್ಲಿ ನಾನು ಮಾತಾಡಬೇಕಿದ್ದ ವಿಷಯ, ಜನ ಓಪನ್ ಸೋರ್ಸಿಗೆ ಪುಕ್ಕಟೆ ಯಾಕೆ ದುಡಿಯುತ್ತಾರೆ ಎಂಬುದು. ಪ್ಯಾಚ್ ಕಳಿಸಿದ ಎಲ್ಲರಿಗೂ ಮೇಲ್ ಮಾಡಿ ಕೇಳಿದ್ದೆ. ಒಬ್ಬರು ಕಲಿಯಲು ಎಂದರು, ಒಬ್ಬರು ಒಳ್ಳೆಯ ನೌಕರಿಗೆ ದಾರಿ ಎಂದರು, ಒಬ್ಬರು ಮಜಾ ಬರುತ್ತದೆ ಎಂದರು. ಟೆಕ್ನೀಷಿಯನ್‌ರ ಉತ್ತರ ಒಂದೇ ಸಾಲು: "ನನಗ ಅಂಜಿಕಿ ಆಗತೈತ್ರಿ, ಅದಕ್ಕ."

ಅದನ್ನು ಕೊನೆಗೆ ಓದಿ ಇಂಗ್ಲಿಷಿನಲ್ಲಿ ಹೇಳಿದೆ. ಜನ ನಕ್ಕರು. ಹಿಂದಿನ ಬೆಂಚಿನಿಂದ ಯಾರೋ "ಹೆಂಡತಿಗಾ?" ಎಂದು ಹಿಂದಿಯಲ್ಲಿ ಕೂಗಿದರು, ಮತ್ತೆ ನಕ್ಕರು. ನಾನೂ ನಕ್ಕೆನೇ? ದಿನಚರಿಯಲ್ಲಿ 'ಮಾತು ಚೆನ್ನಾಗಿ ಆಯಿತು' ಎಂದಿದೆ. ನಗದಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎನ್ನಿಸುತ್ತದೆ.

ಅವರು ನಮ್ಮ ಮನೆಗೆ ಒಂದೇ ಸಲ ಬಂದದ್ದು. ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಕೇಬಲಿನ ಕನೆಕ್ಟರ್ ಕೊಳ್ಳಲು ಬರುತ್ತೇನೆ ಎಂದು ಬರೆದಿದ್ದರು. ಊಟಕ್ಕೆ ಬನ್ನಿ ಎಂದೆ. ನಲವತ್ತರ ಹತ್ತಿರದವರು, ಎಣ್ಣೆ ಹಚ್ಚಿ ಬಾಚಿದ ಕೂದಲು, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಹಳದಿ ಕಲೆ. ಅವ್ವ ಊರು ಕೇಳಿದಳು, ಬೆಳೆ ಕೇಳಿದಳು, ಹೆಂಡತಿ ಮಕ್ಕಳನ್ನು ಕೇಳಿದಳು. ರೊಟ್ಟಿ ಬಡಿಸುತ್ತ ಹೋದಳು.

"ಸಾಕ್ರಿ ಅವ್ವಾರ, ಭಾಳ ಆತು."

"ಏನ್ ಭಾಳ ಆತೋ ಯಪ್ಪಾ, ಎರಡ ತಿಂದೀಯಲ್ಲ! ಈ ಹೈದ್ರಾಬಾದ್ ಅನ್ನ ತಿಂದ ತಿಂದ ಹೊಟ್ಟಿ ಸಣ್ಣ ಆಗೇತಿ ನಿಮಗ."

ಮೂರನೆಯದನ್ನು ಹಾಕಿಯೇ ಬಿಟ್ಟಳು. ಅವರೂ ತಿಂದರು. ನಮ್ಮ ಕಡೆ ಊಟಕ್ಕೆ ಕೂತವರು ಸಾಕೆಂದರೆ ಅದು ಸಾಕಲ್ಲ, ಸಂಕೋಚ. ಒತ್ತಾಯ ಮಾಡಿ ಹಾಕದಿದ್ದರೆ ಬಡಿಸಿದವರದೇ ತಪ್ಪು.

ಊಟದ ಮೇಲೆ ಅವರು ಕೆಲಸದ ಜಾಗವನ್ನು ವಿವರಿಸಿದರು. ದೊಡ್ಡ ಉಕ್ಕಿನ ಪಾತ್ರೆ, ಅದಕ್ಕೆ ರಿಯಾಕ್ಟರ್ ಅನ್ನುತ್ತಾರೆ. "ಮಾಲ್ ಹಾಕಿದ ಮ್ಯಾಲ ಅದು ತನ್ನಷ್ಟಕ್ಕ ಕಾಯತೈತ್ರಿ. ಸುತ್ತ ತಣ್ಣೀರ ತಿರುಗತಿರಬೇಕು. ನೂರಾ ಹತ್ತು ಡಿಗ್ರಿ ದಾಟಿದ್ರ ಮಾಲ್ ಬಂದ್ ಮಾಡಬೇಕಂತ ಕಾಗದದಾಗ ಐತಿ."

"ದಾಟತದೇನು?"

"ಬ್ಯಾಸಗ್ಯಾಗ ನೀರ ಕಾದಿರತೈತಲ್ರೀ, ಪಂಪೂ ಹಳೇದು" ಎಂದರು. ನನ್ನ ಪ್ರೋಗ್ರಾಮಿಗೆ ಅಂಕಿ ತರುವ ಕೇಬಲ್ ಪದೇ ಪದೇ ಕಳಚುತ್ತದೆ ಎಂದೂ ಹೇಳಿದರು. ಯಂತ್ರದ ನಡುಕಕ್ಕೆ ಸಡಿಲವಾಗುತ್ತದೆ ಎಂದುಕೊಂಡೆ. "ಅದು ತಾನ ಕಳಚೂದಿಲ್ರಿ" ಎಂದು ಅವರು ಅಂದ ಹಾಗೆ ಈಗ ನನ್ನ ಕಿವಿಯಲ್ಲಿದೆ. ಆ ದಿನ ಅಂದರೋ, ಮುಂದೆ ಫೋನಿನಲ್ಲಿ ಅಂದದ್ದನ್ನು ನಾನು ಆ ದಿನಕ್ಕೆ ತಂದು ಕೂರಿಸಿಕೊಂಡೆನೋ, ಹೇಳಲಾರೆ.

ಒಂದು ಮಾತಿಗೆ ಮಾತ್ರ ಲಿಖಿತ ಸಾಕ್ಷಿ ಇದೆ. ಪಟ್ಟಿಯಲ್ಲಿ ನಿಮ್ಮ ಪೂರ್ತಿ ಹೆಸರು ಹಾಕುತ್ತೇನೆ ಎಂದೆ. "ಹೆಸರ ಬ್ಯಾಡ್ರಿ ಅಕ್ಕಾರ" ಎಂದರು. ದಿನಚರಿ: 'ಹೆಸರು ಬೇಡವಂತೆ. ಸಂಕೋಚದ ಮನುಷ್ಯ.'

ಹೊಸ ಆವೃತ್ತಿಯನ್ನು ಬಿಡುವಾಗ ಅವರ ಪೂರ್ತಿ ಹೆಸರು, ಪಕ್ಕದಲ್ಲಿ 'ಜೀಡಿಮೆಟ್ಲಾ' ಎಂದು ಹಾಕಿದೆ. ಎಲ್ಲರಿಗಿಂತ ಮೇಲೆ ಹಾಕಿದೆ. ರೊಟ್ಟಿ ಹಾಕಿದ ಹಾಗೆ.

ಎರಡನೆಯ ವಾರದಲ್ಲಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಿಂದ ಒಂದು ಮೇಲ್ ಬಂತು. ಬಹಳ ವಿನಯದ ಇಂಗ್ಲಿಷ್. ನಿಮ್ಮ ಪ್ರೋಗ್ರಾಮನ್ನು ನಾವು ಬಳಸುತ್ತೇವೆ, ಪಟ್ಟಿಯಲ್ಲಿ ನಮ್ಮ ನೌಕರರ ಹೆಸರು ನೋಡಿ ಸಂತೋಷವಾಯಿತು, ಅವರು ನಿಖರವಾಗಿ ಯಾವ ಯಾವ ಬದಲಾವಣೆ ಮಾಡಿದರು ಎಂದು ತಿಳಿಸಬಹುದೇ? ಜೊತೆಗೆ ತಾವೂ ಒಂದು ಪ್ಯಾಚ್ ಕೊಡಲು ಇಷ್ಟಪಡುತ್ತೇವೆ: ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಿನ ಅಂಕಿ ಬಂದರೆ ಮಿತಿಯ ಅಂಕಿಯನ್ನೇ ಬರೆಯುವ ಸೌಲಭ್ಯ.

ಅಲ್ಲಾದರೂ ನಿಲ್ಲಬೇಕಿತ್ತು. ಅವರ ಪ್ಯಾಚ್ ಬೇಡ ಎಂದೆ, ನಿಜ. ಆದರೆ ಅದೇ ಉತ್ತರದಲ್ಲಿ ಟೆಕ್ನೀಷಿಯನ್‌ರ ಪ್ರತಿಯೊಂದು ಬದಲಾವಣೆಯನ್ನೂ ಪಟ್ಟಿಮಾಡಿ, ಯಾವುದು ಯಾಕೆ ಮುಖ್ಯ ಎಂದು ಹೊಗಳಿ, ಇಂಥವರು ನಿಮ್ಮಲ್ಲಿರುವುದು ನಿಮ್ಮ ಭಾಗ್ಯ ಎಂದು ಮುಗಿಸಿದ್ದೇನೆ. ಆ ಮೇಲ್ ನನ್ನ ಮುಂದಿದೆ. ನೀಟಾಗಿ ಬರೆದಿದ್ದೇನೆ. ಒಬ್ಬ ಮನುಷ್ಯನ ಮೇಲಿನ ಆರೋಪಪಟ್ಟಿಯನ್ನು ಇಷ್ಟು ನೀಟಾಗಿ ವಕೀಲರೂ ಬರೆಯಲಾರರು.

ಟೆಕ್ನೀಷಿಯನ್ನರ ಮೇಲ್ ನಿಂತವು. ಒಂದು ವಾರ, ಎರಡು ವಾರ. ಮೂರನೆಯ ಭಾನುವಾರ ಬೆಳಿಗ್ಗೆ ಮನೆಯ ಫೋನ್ ರಿಂಗಾಯಿತು. ಹಿಂದೆ ಲಾರಿಗಳ ಸದ್ದು. ರಸ್ತೆ ಬದಿಯ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದರು.

"ಅಕ್ಕಾರ, ಹೆಸರ ಬ್ಯಾಡಂತ ಹೇಳಿದ್ನೆಲ್ರಿ."

ನಾನು ಏನೆಂದೆನೋ ನೆನಪಿಲ್ಲ. ಅವರು ಬಯ್ಯಲಿಲ್ಲ. ನಡೆದದ್ದನ್ನು ಮೀಟರಿನ ಅಂಕಿ ಓದಿದ ಹಾಗೆ ಹೇಳಿದರು. ತಾಪ ನೂರಾ ಹತ್ತು ದಾಟುವ ಲಕ್ಷಣ ಕಂಡರೆ ಪಾಳಿಯ ಮೇಲ್ವಿಚಾರಕ ಕಂಪ್ಯೂಟರಿನ ಹಿಂದಿನ ಕೇಬಲ್ ಎಳೆದುಬಿಡುತ್ತಿದ್ದ. ಎಳೆದ ಗಳಿಗೆಯಲ್ಲಿ ತೊಂಬತ್ತಾರು ಇದ್ದರೆ ನನ್ನ ಪ್ರೋಗ್ರಾಮು ತೊಂಬತ್ತಾರನ್ನೇ ಬರೆಯುತ್ತ ಕೂರುತ್ತಿತ್ತು. ಪಾತ್ರೆ ತಣ್ಣಗಾದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದ. ಗೆರೆ ಅಖಂಡ. ಕಾಗದ ಸ್ವಚ್ಛ. ಮಾಲನ್ನು ನಡುವೆ ನಿಲ್ಲಿಸಿ ಹಾಳುಮಾಡುವ ಪ್ರಸಂಗವಿಲ್ಲ.

ನನ್ನ ಎರಡು ಸಾಲು. ಪ್ರಾಧ್ಯಾಪಕರು ಮೆಚ್ಚಿದ ಎರಡು ಸಾಲು.

"ಹೊಸಾದ ತಗದು ಹಳೇದ ಹಾಕ್ಯಾರ್ರಿ. ನಿಮ್ಮ ಹಳೇದು ಸಿಗತೈತಲ್ರಿ ಇಂಟರ್ನೆಟ್‌ನ್ಯಾಗ, ಪುಕ್ಕಟೆ."

"ನೀವು?"

"ನನ್ನ ಮೀಟರ್ ರೂಮಿನಿಂದ ತಗದ್ರು. ಈಗ ರಿಯಾಕ್ಟರ್ ಮುಂದ ನಿಂತೀನಿ, ಪಾಳಿ ಮ್ಯಾಲ. ವಾಲ್ವ್ ತಿರುಗಸೂದು. 'ನಿನಗ ಅದರ ಚಿಂತಿ ಭಾಳ ಐತಲ್ಲ, ಅಲ್ಲೇ ನಿಂದ್ರು' ಅಂದ್ರು." ಆಮೇಲೆ, "ಮೊನ್ನಿ ನೂರಾ ಹದಿನೆಂಟ ಹೋಗಿತ್ರಿ. ಇನ್ನಷ್ಟು ಏರಿದ್ರ ಪಾತ್ರಿನ ಸಿಡೀತೈತಿ. ಪೆಟ್ಟಗಿ ಮ್ಯಾಲ ಕಣ್ಣಿಲೆ ನೋಡೀನಿ. ಕಂಪ್ಯೂಟರ್‌ದಾಗ ತೊಂಬತ್ತಾರು."

ಕೆಲಸ ಬಿಟ್ಟು ಬನ್ನಿ ಎಂದೆ.

"ನಾ ಬಿಟ್ರ ಯಾರರೆ ಒಬ್ಬ ನಿಂದ್ರಬೇಕಲ್ರಿ ಅಲ್ಲಿ. ಪಾಳಿಗೆ ಆರು ಮಂದಿ ಅದೀವಿ. ಮೂರು ಮಂದಿ ನಮ್ಮೂರ ಕಡೀಯಾವ್ರು, ಕೂಲಿಗೆ ಬಂದಾವ್ರು. ಅವರಿಗಿ ಅಂಕಿ ಓದಾಕ ಬರಂಗಿಲ್ಲ."

ಫೋನ್ ಇಟ್ಟ ಮೇಲೆ ಮೊದಲು ಮಾಡಿದ್ದು ಪಟ್ಟಿಯಿಂದ ಅವರ ಹೆಸರು ತೆಗೆದದ್ದು. ಅದು ನನ್ನ ಸಮಾಧಾನಕ್ಕೆ ಮಾತ್ರ. ಪ್ರತಿಗಳು ಎಲ್ಲೆಲ್ಲಿಗೋ ಹೋಗಿಯಾಗಿತ್ತು. ಹಳೆಯ ಆವೃತ್ತಿಯನ್ನು ನನ್ನ ಪುಟದಿಂದ ತೆಗೆದೆ. ಅದೂ ಅಷ್ಟೇ. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ಎಂಬುದೇ ಓಪನ್ ಸೋರ್ಸಿನ ಹೆಮ್ಮೆ. ನಾನೇ ಆ ಭಾನುವಾರದ ಕೋಣೆಯಲ್ಲಿ ಎಷ್ಟು ಸಲ ಹೇಳಿದ್ದೆ.

ಕಾರ್ಖಾನೆಗಳ ತಪಾಸಣಾ ಕಛೇರಿಗೆ ದೂರು ಕೊಡಬಹುದಿತ್ತು. ಆದರೆ ಕೇಬಲ್ ಎಳೆಯುವ ವಿಷಯ ನನಗೆ ಗೊತ್ತಾದದ್ದು ಹೇಗೆ? ಬರೆದ ಮರುದಿನ ಅವರನ್ನೇ ಹಿಡಿಯುತ್ತಿದ್ದರು. ಮೂರು ದಿನ ಕಛೇರಿಯಲ್ಲಿ ನಾನು ಏನು ಕೆಲಸ ಮಾಡಿದೆನೋ ತಿಳಿಯದು. ಆ ಮೂರು ದಿನ ದಿನಚರಿ ಖಾಲಿ ಇದೆ. ಖಾಲಿ ಇರುವುದನ್ನು ಖಾಲಿ ಎಂದೇ ಇಲ್ಲಿ ಬರೆಯುತ್ತೇನೆ.

ನಾಲ್ಕನೆಯ ದಿನ ಹಳೆಯ ದಾಖಲೆಗಳನ್ನು ತೆರೆದು ಸುಮ್ಮನೆ ನೋಡುತ್ತಿದ್ದೆ. ಮೊದಲ ಪ್ಯಾಚ್‌ನ ಜೊತೆ ಅವರು ಮಾದರಿಗೆಂದು ಒಂದನ್ನು ಕಳಿಸಿದ್ದರು. ತೊಂಬತ್ತಾರು ಪಾಯಿಂಟ್ ನಾಲ್ಕು. ತೊಂಬತ್ತಾರು ಪಾಯಿಂಟ್ ನಾಲ್ಕು. ಪುಟದ ಮೇಲೆ ಪುಟ. ನಿಜವಾದ ತಾಪ ಎರಡು ನಿಮಿಷ ಕೂಡ ಹಾಗೆ ನಿಲ್ಲುವುದಿಲ್ಲ, ದಶಾಂಶದಲ್ಲಾದರೂ ಅಲ್ಲಾಡುತ್ತಿರುತ್ತದೆ. ಅಂದರೆ ಕಾರ್ಖಾನೆಯ ಒಳಗಿನವರಾರೂ ಹೇಳಬೇಕಿಲ್ಲ. ನನ್ನ ಪ್ರೋಗ್ರಾಮು ಎಲ್ಲೆಲ್ಲಿ ಸುಳ್ಳು ಹೇಳಿದೆ ಎಂಬುದು ಆ ದಾಖಲೆಗಳಲ್ಲೇ ಕಾಣುತ್ತದೆ. ಅದನ್ನು ಹೇಳಲು ನನಗೆ ಯಾರ ಹೆಸರೂ ಬೇಡ. ನನ್ನದೊಂದು ಸಾಕು.

ಅಪ್ಪನ ಮುಂದೆ ಎಲ್ಲವನ್ನೂ ಇಟ್ಟೆ. ಅವರು ದಾಸೋಹದ ಮಾತೆತ್ತಲಿಲ್ಲ. "ಅವ್ರ ತಪ್ಪಂತ ಬರೀಬ್ಯಾಡ. ನನ್ನ ತಪ್ಪಂತ ಬರಿ. ತಪ್ಪ ಒಪ್ಪಿಕೊಂಡ ಕಾಗದ ಯಾವ ಆಫೀಸಿನ್ಯಾಗೂ ಮೂಲಿಗೆ ಒಗಿಯಾಕ ಬರಂಗಿಲ್ಲ. ರಿಜಿಸ್ಟರ್ ಪೋಸ್ಟ್ ಮಾಡು, ಮುಟ್ಟಿದ್ದಕ್ಕ ಪೋಚ್ ತಗೋ, ರಸೀದಿ."

ಹಾಗೇ ಬರೆದೆ. ಈ ಪ್ರೋಗ್ರಾಮನ್ನು ಬರೆದವಳು ನಾನು. ಇದರ ಹಳೆಯ ಆವೃತ್ತಿಯಲ್ಲಿ ನನ್ನಿಂದ ದೋಷವಾಗಿದೆ. ಕೇಬಲ್ ಕಳಚಿದಾಗ ಅದು ಇಲ್ಲದ ಅಂಕಿಯನ್ನು ಬರೆಯುತ್ತದೆ. ಒಂದೇ ಅಂಕಿ ಎರಡು ನಿಮಿಷಕ್ಕೂ ಹೆಚ್ಚು ಕಾಲ ದಶಾಂಶ ಸಮೇತ ನಿಂತಿದ್ದರೆ ಅದನ್ನು ಅಳತೆ ಎಂದು ನಂಬಬಾರದು. ಇದನ್ನು ಬಳಸುತ್ತಿರುವ ಸ್ಥಳಗಳಲ್ಲಿ ನನಗೆ ತಿಳಿದದ್ದು ಇದೊಂದು, ಎಂದು ಕಂಪ್ಯೂಟರ್ ವಿಭಾಗದ ಮೇಲ್‌ನ ಪ್ರತಿಯನ್ನು ಲಗತ್ತಿಸಿದೆ. ಒಂದು ಪ್ರತಿ ತಪಾಸಣಾ ಕಛೇರಿಗೆ, ಒಂದು ಕಾರ್ಖಾನೆಗೆ. ಪ್ರೋಗ್ರಾಮಿನ ಮೊದಲ ಪುಟದಲ್ಲೂ ಅದನ್ನೇ ಹಾಕಿದೆ.

ಹೊರಗಿನ ಕೆಲಸಕ್ಕೆ ನಮ್ಮ ಕಂಪನಿಯ ಅನುಮತಿ ಬೇಕಿತ್ತು, ನಾನು ಕೇಳಿರಲಿಲ್ಲ. ನಮ್ಮ ತಂಡದ ಮುಖ್ಯಸ್ಥರ ಕಣ್ಣಿಗೆ ಆ ಪುಟ ಬಿತ್ತು. ಕರೆದು ಕೂರಿಸಿ ತೆಲುಗಿನಲ್ಲಿ, "ಎಂದುಕಮ್ಮಾ ಇದಂತಾ? ನೀಕೇಮೊಸ್ತುಂದಿ?" ಎಂದರು. ಇದೆಲ್ಲ ಯಾಕಮ್ಮಾ, ಇದರಿಂದ ನಿನಗೇನು ಸಿಗುತ್ತದೆ. ಅದೇ ಪ್ರಶ್ನೆಯ ಮೇಲೆ ಒಂದು ಗಂಟೆ ಮಾತಾಡಿ ಚಪ್ಪಾಳೆ ತೆಗೆದುಕೊಂಡವಳು ನಾನು. ಎಚ್ಚರಿಕೆಯ ಪತ್ರ ಕೊಟ್ಟು ಕಳಿಸಿದರು.

ತಪಾಸಣಾಧಿಕಾರಿ ಹೋದರು. ಹಳೆಯ ದಾಖಲೆಗಳಲ್ಲಿ ನಿಂತ ಅಂಕಿಗಳನ್ನು ನೋಡಿದರು. ಹೊಸ ಆವೃತ್ತಿಯನ್ನೇ ಬಳಸಬೇಕು, ಮಿತಿ ದಾಟಿದರೆ ಕೂಗುವ ಒಂದು ಹಾರ್ನ್ ಕೂರಿಸಬೇಕು ಎಂದು ಬರೆದುಕೊಟ್ಟರು. ಇದೆಲ್ಲ ನನಗೆ ಟೆಕ್ನೀಷಿಯನ್ ಫೋನಿನಲ್ಲಿ ಹೇಳಿದ್ದು. ಗೆದ್ದೆವು ಎಂದುಕೊಂಡೆ, ದಿನಚರಿಯಲ್ಲೂ ಹಾಗೇ ಬರೆದೆ. ಹಾರ್ನ್‌ಗೆ ಬೇಕಾದ ಸಾಲುಗಳನ್ನು ನಾವಿಬ್ಬರೂ ಸೇರಿ ಬರೆದೆವು. ಹಾರ್ನ್ ಬದಲು ಬಲ್ಬ್ ಇಟ್ಟು ನಮ್ಮ ಪಡಸಾಲೆಯಲ್ಲಿ ಹದಿನೈದು ಸಲ ಪರೀಕ್ಷಿಸಿದೆ. ಹದಿನೈದು ಸಲವೂ ಹತ್ತಿತು.

ಕೊನೆಯ ಫೋನ್ ಬಂದದ್ದು ಏಪ್ರಿಲ್‌ನಲ್ಲಿ. ಇದನ್ನು ಫೋನ್ ಇಟ್ಟ ಐದು ನಿಮಿಷದೊಳಗೆ ಬರೆದುಕೊಂಡಿದ್ದೇನೆ, ಆದ್ದರಿಂದ ಇದರಲ್ಲಿ ನನ್ನ ನೆನಪಿನ ಕೈವಾಡ ಕಡಿಮೆ.

"ಈಗ ಬರೀತೈತ್ರಿ ಅಕ್ಕಾರ. ನೂರಾ ಹದಿನೈದು ಅಂದ್ರ ನೂರಾ ಹದಿನೈದ ಬರೀತೈತಿ. ಒಂದ ಸಾಲೂ ತಪ್ಪಿಲ್ಲ."

"ಹಾಗಾದ್ರ ಮಾಲು ನಿಲ್ಲಸ್ತಾರ?"

"ಬರೀತೈತಿ ಅಂದ್ನೆಲ್ರಿ."

"ಮತ್ತ ಹಾರ್ನು? ನೂರಾ ಹದಿನೈದಕ್ಕ ಕೂಗಿತೇನು?"

"ವೈರ್ ಇನ್ನ ಹಚ್ಚಿಲ್ರಿ. ನಾಳಿಗಿ ಹಚ್ತಾರಂತ."

"ಹಚ್ಚಿದ ಮ್ಯಾಲ ಮಿತಿ ಕೆಳಗಿಳಿಸಿ ಒಮ್ಮೆ ಪರೀಕ್ಷಾ ಮಾಡ್ರಿ. ಬಲ್ಬಿನ ಮಾತ ಬ್ಯಾರೆ."

"ಕೇಳೀನ್ರಿ. ಬಿಡವಲ್ರು. ಹಾರ್ನ್ ಕೂಗಿದ್ರ ಮಂದಿ ಅಂಜಿ ಗೇಟಿನ ಹೊರಗ ಓಡ್ತಾರ, ಪಾಳಿ ಕೆಡತೈತಿ ಅಂತಾರ."

"ಪರೀಕ್ಷಾ ಮಾಡದ ಅದು ಕೂಗತದೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು?"

ಬೂತಿನ ಹಿಂದೆ ಲಾರಿಯೊಂದು ಹಾದುಹೋಯಿತು.

"ಗೊತ್ತಾಗತೈತ್ರಿ" ಎಂದರು.